ಬರ್ತೀನಿ ಅಂತ ಹೇಳಿ ಹೊರಡಿ

ಹೋದ ಸಂಚಿಕೆಯಲ್ಲಿ ನಾನು ಆಸ್ಟ್ರಿಯಾದ ಇನ್ಸ್‌ಬ್ರುಕ್ ಅನ್ನೋ ಬೆಟ್ಟದೂರಿನಲ್ಲಿ ನಾಲ್ಕು ವರ್ಷ ಇದ್ದೆ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆಯಿಂದ ಬಂದಿವೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ಕಡೆ ಎಷ್ಟು ಜಾಸ್ತಿ ಆಗಿವೆ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ? ಸುಮಾರು ಜನ ಕೇಳಿರುವುದು ಹೊರಡುವ ಹೊತ್ತಿನ ಬಗ್ಗೆ. ಅಲ್ಲಿಂದ ಹೊರಡುವವರು, ಇಲ್ಲಿಂದ ಹೊರಡುವವರು, ಕಳಿಸಿಕೊಡುವವರು. ಆರು ಪತ್ರಗಳಿಗೆ ಈ ಸಲ ಉತ್ತರ ಬರೆದಿದ್ದೇನೆ.

ಶಿಡ್ಲಘಟ್ಟದಿಂದ ಒಬ್ಬ ತಾಯಿ: ನನ್ನ ಮಗ ಇನ್ಸ್‌ಬ್ರುಕ್‌ನಲ್ಲೇ ಓದುತ್ತಿದ್ದಾನೆ. ಜೂನ್ ಕೊನೆಗೆ ಓದು ಮುಗಿಸಿ ಊರಿಗೆ ಬರುತ್ತಾನೆ. ಚಳಿಗಾಲ ಪೂರ್ತಿ ಚೆನ್ನಾಗಿದ್ದ. ಈಗ ಹಿಮ ಕರಗಿದೆ, ಹೂ ಬಿಟ್ಟಿದೆ ಅಂತ ಫೋಟೋ ಕಳಿಸುತ್ತಾನೆ, ಆದರೆ ಫೋನಿನಲ್ಲಿ ಮಾತ್ರ ದನಿ ಸಪ್ಪಗಿರುತ್ತೆ. ಊರಿಗೆ ಬರೋಕೆ ಇಷ್ಟ ಇಲ್ಲವೇನೋ ಅಂತ ಭಯ ಆಗುತ್ತೆ.

ಅಮ್ಮಾ, ಭಯ ಪಡಬೇಡಿ. ನಿಮ್ಮ ಮಗನಿಗೆ ಆಗಿರುವುದು ಆ ಊರಿನಲ್ಲಿ ಈ ತಿಂಗಳಲ್ಲಿ ಎಲ್ಲಾ ಹೊರಗಿನ ಮಕ್ಕಳಿಗೂ ಆಗುತ್ತೆ.

ಚಳಿಗಾಲದಲ್ಲಿ ಅಲ್ಲಿ ಹಗಲು ಅಂದರೆ ಎಂಟೂವರೆ ಗಂಟೆ, ಅಷ್ಟೇ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹೊರಗೆ ಹೋಗೋಕೆ ಆಗಲ್ಲ, ಹಾಗಾಗಿ ಎಲ್ಲರೂ ಯಾರದಾದರೂ ಒಬ್ಬರ ಅಡುಗೆಮನೆಯಲ್ಲಿ ಸೇರುತ್ತಾರೆ. ಸಾರು ಕುದಿಯುತ್ತಿರುತ್ತೆ, ಕಿಟಕಿ ಗಾಜಿಗೆ ಹಬೆ ಕಟ್ಟಿರುತ್ತೆ, ಯಾರೋ ಇರಾನಿನವನು, ಯಾರೋ ಕೊಲಂಬಿಯಾದವಳು, ನಮ್ಮ ಕಡೆಯ ಇಬ್ಬರು ಹುಡುಗರು, ಹೀಗೆ ಐದಾರು ತಿಂಗಳು ಒಂದೇ ಒಲೆ ಸುತ್ತ ಕೂತು ಕೂತು ಅವರೇ ಒಂದು ಮನೆಯವರಾಗಿಬಿಡುತ್ತಾರೆ. ಆಗ ಊರು ಬಿಡೋ ಯೋಚನೆ ಯಾರಿಗೂ ಇರಲ್ಲ.

ಮಾರ್ಚ್ ಬಂದರೆ ಹಗಲು ದಿನಕ್ಕೆ ಮೂರು ನಿಮಿಷಕ್ಕೂ ಜಾಸ್ತಿ ಬೆಳೆಯುತ್ತಾ ಹೋಗುತ್ತೆ. ಜೂನ್ ಹೊತ್ತಿಗೆ ಹದಿನಾರು ಗಂಟೆ ಬೆಳಕು. ನಾನಿದ್ದ ಮನೆಯ ಅಡುಗೆಮನೆಯಿಂದ ಊರಿನ ಉತ್ತರಕ್ಕಿರುವ ನೋರ್ಡ್‌ಕೆಟ್ಟೆ ಬೆಟ್ಟಸಾಲು ಕಾಣುತ್ತಿತ್ತು. ನೀರಿಗೆ ಇಳಿಯುವ ಹೆಂಗಸು ಸೀರೆಯ ಅಂಚನ್ನು ಮೆಲ್ಲಗೆ ಎತ್ತಿಕೊಳ್ಳುತ್ತಾಳಲ್ಲ, ಹಿಮದ ಅಂಚು ಹಾಗೆ ದಿನಾ ಒಂಚೂರು ಮೇಲಕ್ಕೆ ಸರಿಯುತ್ತಿತ್ತು. ಕೆಳಗೆ ಹಸಿರು, ಮಧ್ಯೆ ಕಂದು, ತುದಿಯಲ್ಲಿ ಬಿಳಿ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವರ್ಷದ ಎರಡನೇ ಸೆಮಿಸ್ಟರ್ ಶುರುವಾಗುವುದೂ ಮಾರ್ಚ್‌ನಲ್ಲೇ, ಜೂನ್ ಕೊನೆಗೆ ತರಗತಿ ಮುಗಿಯುತ್ತೆ. ಹಾಗಾಗಿ ಗಿಡ ಚಿಗುರುವ ಹೊತ್ತಿಗೇ ಇವರ ದಿನಗಳ ಲೆಕ್ಕ ಶುರುವಾಗುತ್ತೆ. ಹೊರಗೆ ಎಲ್ಲಾ ಹುಟ್ಟುತ್ತಿದೆ, ಒಳಗೆ ಒಬ್ಬೊಬ್ಬರೇ ಸೂಟ್‌ಕೇಸ್ ಕೆಳಗಿಳಿಸುತ್ತಿದ್ದಾರೆ. ಎರಡೂ ಒಟ್ಟಿಗೆ ಬಂದರೆ ಮನಸ್ಸು ಏನು ಮಾಡುತ್ತೆ ಹೇಳಿ.

ಜೊತೆಗೆ ಅಲ್ಲಿ ಫ್ಯೋನ್ ಅಂತ ಒಂದು ಗಾಳಿ ಬೀಸುತ್ತೆ. ದಕ್ಷಿಣದಿಂದ ಬರುವ ಗಾಳಿ ಆಲ್ಪ್ಸ್ ಹತ್ತುವಾಗ ತನ್ನಲ್ಲಿದ್ದ ನೀರನ್ನೆಲ್ಲ ಆ ಕಡೆಯೇ ಸುರಿಸಿಬಿಡುತ್ತೆ, ಈ ಕಡೆ ಇಳಿಯುವಾಗ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತಾ ಬರುತ್ತೆ. ರಾತ್ರಿ ಮಲಗುವಾಗ ಹೊರಗೆ ಹಿಮ ಇರುತ್ತೆ, ಬೆಳಗ್ಗೆ ಎದ್ದರೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿರುತ್ತೆ. ಆ ದಿನಗಳಲ್ಲಿ ತಲೆನೋವು, ನಿದ್ದೆ ಇಲ್ಲ, ಸುಮ್ನೆ ಸಿಡಿಮಿಡಿ ಅಂತ ಊರಿನವರೇ ಹೇಳಿಕೊಳ್ಳುತ್ತಾರೆ. ನಿಮ್ಮ ಮಗನ ಸಪ್ಪೆ ದನಿಯಲ್ಲಿ ಇದರದ್ದೂ ಒಂದು ಪಾಲು ಇರಬಹುದು.

ನೀವು ಶಿಡ್ಲಘಟ್ಟದವರು, ನಿಮಗೆ ಬೇರೆ ಹೇಳಬೇಕಾ? ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವ ಹೊತ್ತಿಗೆ ಸೊಪ್ಪು ಮುಟ್ಟದೆ ಸುಮ್ಮನಾಗುತ್ತಲ್ಲ, ಆಗ ಅದಕ್ಕೆ ರೋಗ ಬಂತು ಅಂತ ಯಾರೂ ಗಾಬರಿ ಆಗಲ್ಲ. ಹಾಗೆ ನೋಡಿ ಇವನನ್ನೂ. "ಯಾಕೋ ಸಪ್ಪಗಿದ್ದೀಯ" ಅಂತ ಕೇಳಬೇಡಿ. "ಈ ವಾರ ಯಾರು ಹೊರಟರು, ಅವರಿಗೆ ಏನು ಅಡುಗೆ ಮಾಡಿದ್ರಿ" ಅಂತ ಕೇಳಿ. ಅವನ ಗೆಳೆಯರ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ಅವನು ಮಾತಾಡುತ್ತಾನೆ. ಊರಿಗೆ ಬರೋ ಆಸೆ ಇದ್ದೂ ಆ ಊರು ಬಿಡೋಕೆ ನೋವಾಗಬಹುದಮ್ಮಾ, ಒಂದೇ ಎದೆಯಲ್ಲಿ ಎರಡೂ ಇರುತ್ತೆ. "ಇಲ್ಲಿಗೆ ಬಂದರೆ ಎಲ್ಲಾ ಸರಿಹೋಗುತ್ತೆ ಬಿಡು" ಅಂತ ಮಾತ್ರ ಅನ್ನಬೇಡಿ. ನನಗೆ ಹಾಗೆ ಅಂದವರ ಹತ್ತಿರ ನಾನು ಆಮೇಲೆ ಆ ಊರಿನ ಸುದ್ದಿಯನ್ನೇ ಎತ್ತಲಿಲ್ಲ.

ಮಾಲೂರಿನಿಂದ ಒಬ್ಬ ಅಜ್ಜಿ, ಮೊಮ್ಮಗಳ ಕೈಲಿ ಬರೆಸಿದ್ದು: ಯುರೋಪಿನಲ್ಲಿರುವ ನನ್ನ ಮಗ ದಿನಾ ರಾತ್ರಿ ಎಂಟೂವರೆಗೆ ಸರಿಯಾಗಿ ಫೋನ್ ಮಾಡುತ್ತಿದ್ದ. ಯುಗಾದಿ ಆದಮೇಲೆ ಏಳೂವರೆಗೇ ಮಾಡುತ್ತಾನೆ, ನಾನು ಆಗ ಹಾಲು ಹಾಕಿ ಬಂದಿರಲ್ಲ. ಏನಾದರೂ ಕೆಲಸ ಹೋಯಿತೇನಪ್ಪಾ ಅವನದು?

ಕೆಲಸ ಹೋಗಿಲ್ಲ ಅಜ್ಜಿ, ಗಡಿಯಾರ ಓಡಿದೆ ಅಷ್ಟೇ. ಯುರೋಪಿನ ಬಹುತೇಕ ದೇಶಗಳಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ. ಚಳಿಗಾಲದಲ್ಲಿ ನಮಗೂ ಆಸ್ಟ್ರಿಯಾದಂಥ ದೇಶಗಳಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಈಗ ಮೂರೂವರೆ. ನಿಮ್ಮ ಮಗ ಅವನ ಸಾಯಂಕಾಲ ನಾಲ್ಕಕ್ಕೇ ಮಾಡುತ್ತಿದ್ದಾನೆ, ನಿಮಗೆ ಬೇಗ ಅನಿಸುತ್ತಿದೆ. 2025ರಲ್ಲಂತೂ ಯುಗಾದಿಯೂ ಗಡಿಯಾರ ತಿರುಗಿಸುವ ದಿನವೂ ಒಂದೇ ಆಗಿತ್ತು, ಮಾರ್ಚ್ 30. "ಹಾಲು ಹಾಕಿ ಬರ್ತೀನಿ, ಒಂದು ಗಂಟೆ ಬಿಟ್ಟು ಮಾಡಪ್ಪಾ" ಅಂತ ನೇರವಾಗಿ ಹೇಳಿ.

ಚಿಂತಾಮಣಿಯ ಹುಡುಗ, ಈಗ ಇನ್ಸ್‌ಬ್ರುಕ್‌ನಿಂದ: ಅಕ್ಕಾ, ಮೇ ಕೊನೆಗೆ ಊರಿಗೆ ಹೊರಡುತ್ತಿದ್ದೇನೆ. ಕೆಳಗಿನ ಮನೆಯ ಅಜ್ಜಿ ಮೂರು ವರ್ಷದಿಂದ ನನ್ನನ್ನು ಮೊಮ್ಮಗನ ಹಾಗೆ ನೋಡಿಕೊಂಡಿದ್ದಾರೆ. ನನ್ನ ಜರ್ಮನ್ ಅಷ್ಟಕ್ಕಷ್ಟೆ. ಎದುರಿಗೆ ನಿಂತರೆ ಅಳು ಬಂದುಬಿಡುತ್ತೆ. ಹೇಳದೆ ಹೊರಟು, ಊರಿಗೆ ಬಂದಮೇಲೆ ಒಂದು ಒಳ್ಳೆ ಕಾರ್ಡ್ ಕಳಿಸಿದರೆ ಆಗಲ್ವಾ?

ಆಗಲ್ಲ ತಮ್ಮಾ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕಂದರೆ ನಾನು ಹಾಗೆ ಮಾಡಿದವಳು.

ನಮ್ಮ ಕೆಳಗಿನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರು, ಎಂಬತ್ತು ದಾಟಿತ್ತು. ಮೊದಲ ಬಿಸಿಲು ಬಿದ್ದ ದಿನ ರಜಾಯಿಗಳನ್ನೆಲ್ಲ ಕಿಟಕಿಯ ಮೇಲೆ ಹರವಿ ಕೈಯಲ್ಲಿ ಬಡಿಯುತ್ತಿದ್ದರು. ಆ ಸದ್ದು ಕೇಳಿದರೆ ಚಳಿಗಾಲ ಮುಗಿಯಿತು ಅಂತ ಲೆಕ್ಕ. ನನಗೆ ಜ್ವರ ಬಂದಾಗ ಮೆಟ್ಟಿಲ ಮೇಲೆ ಏಪ್ರಿಕಾಟ್ ಜಾಮಿನ ಬಾಟಲಿ ಇಟ್ಟು ಹೋಗುತ್ತಿದ್ದರು. ನಾನು ಹೊರಟಿದ್ದು ಏಪ್ರಿಲ್ ಮಧ್ಯದಲ್ಲಿ, ಬೆಳಗಿನ ಜಾವ. ಮ್ಯೂನಿಕ್‌ಗೆ ರೈಲು ಹಿಡಿದು ಅಲ್ಲಿಂದ ವಿಮಾನ. ಹಿಂದಿನ ದಿನ ಅವರ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಅಳು ಬರುತ್ತೆ ಅನ್ನೋದೇ ನನಗೂ ಭಯ. ಬೆಳಗ್ಗೆ ಸೂಟ್‌ಕೇಸಿನ ಚಕ್ರ ಮೆಟ್ಟಿಲಿಗೆ ತಾಗಿ ಸದ್ದಾಗಬಾರದು ಅಂತ ಅಷ್ಟು ಭಾರವನ್ನೂ ಎರಡೂ ಕೈಯಲ್ಲಿ ಎತ್ತಿಕೊಂಡೇ ಇಳಿದೆ. ಅವರ ಅಡುಗೆಮನೆಯ ದೀಪ ಉರಿಯುತ್ತಿತ್ತು. ನೋಡಿದೆ. ಎಚ್ಚರ ಇದ್ದಾರೆ ಅಂತ ಗೊತ್ತಾಯಿತು. ರೈಲು ತಪ್ಪುತ್ತೆ ಅಂತ ನನಗೆ ನಾನೇ ಹೇಳಿಕೊಂಡು ಬೀದಿಗೆ ಬಂದುಬಿಟ್ಟೆ. ರೈಲಿಗೆ ಇನ್ನೂ ನಲವತ್ತು ನಿಮಿಷ ಇತ್ತು.

ಎರಡು ವಾರ ಆದಮೇಲೆ ಮೇಲಿನ ಮನೆಯ ಗೆಳತಿ ಬರೆದಳು. ಅಜ್ಜಿ ನಾಲ್ಕು ಗಂಟೆಗೆ ಎದ್ದು, ದಾರಿಗೆ ಅಂತ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನಾನು ಬೆಲ್ ಮಾಡುತ್ತೇನೆ ಅಂತ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಫೋನ್ ಮಾಡಿದೆ. ಅವರು ಬೈಯಲಿಲ್ಲ. ಕೊನೆಗೆ "ಫಿಯಾಟ್ ದಿ" ಅಂದರು. ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತನ್ನು ಫೋನಿನಲ್ಲಿ ಹೇಳಿಸಿದೆನಲ್ಲ ಅಂತ ಇವತ್ತಿಗೂ ನೋವಿದೆ. ಎರಡು ವರ್ಷಕ್ಕೆ ಅವರು ತೀರಿಕೊಂಡರು.

ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರಾದರೂ "ಹೋಗ್ತೀನಿ" ಅಂದರೆ ಅಮ್ಮಂದಿರು ಅಲ್ಲೇ ತಿದ್ದುತ್ತಾರೆ, "ಹೋಗ್ಬರ್ತೀನಿ ಅನ್ನು" ಅಂತ. ಹೇಳದೆ ಸುಮ್ಮನೆ ಎದ್ದು ಹೋಗುವುದು ಸಾವಿನ ಮನೆಯಿಂದ ಮಾತ್ರ. ಬದುಕಿರುವ ಮನೆಯಿಂದ ಹಾಗೆ ಎದ್ದು ಬರಬಾರದು ತಮ್ಮಾ.

ಜರ್ಮನ್ ಬರದಿದ್ದರೂ ನಡೆಯುತ್ತೆ. ಇನ್ಸ್‌ಬ್ರುಕ್ ಇರುವ ಟಿರೋಲ್ ಕಡೆಯವರು ಹೊರಡುವಾಗ ಹೇಳುವ "ಫಿಯಾಟ್ ದಿ" ಅಂದರೆ ದೇವರು ನಿನ್ನನ್ನು ಕಾಪಾಡಲಿ ಅಂತ. ಹಳೇ ಮಾತು ಸವೆದು ಸವೆದು ಚಿಕ್ಕದಾಗಿದೆ. "ಔಫ್ ವೀಡರ್‌ಸೇಹೆನ್" ಅಂದರೆ ಮತ್ತೆ ಕಾಣೋಣ, ಹೆಚ್ಚು ಕಮ್ಮಿ ನಮ್ಮ "ಬರ್ತೀನಿ"ಯೇ. "ಸೆರ್ವುಸ್" ಬಂದಾಗಲೂ ಹೋಗುವಾಗಲೂ ನಡೆಯುತ್ತೆ, ಆದರೆ ಅದು ಗೆಳೆಯರ ನಡುವಿನದು. ಅಜ್ಜಿ ನಿನ್ನನ್ನು ಮನೆ ಹುಡುಗನ ಹಾಗೆ ನೀನು ಅಂತ ಮಾತಾಡಿಸುತ್ತಿದ್ದರೆ ಧೈರ್ಯವಾಗಿ "ಫಿಯಾಟ್ ದಿ" ಅನ್ನು. ಅದಾದಮೇಲೆ ಕನ್ನಡದಲ್ಲಿ "ಹೋಗಿ ಬರ್ತೀನಿ ಅಜ್ಜಿ" ಅಂತಲೂ ಅನ್ನು. ಅರ್ಥ ಏನು ಅಂತ ಕೇಳುತ್ತಾರೆ, ಆಗ ಹೇಳು.

ಹೊರಡುವ ದಿನವೇ ಹೋಗಬೇಡ. ಒಂದು ವಾರ ಮುಂಚೆ ಒಂದು ಮಧ್ಯಾಹ್ನ ಹೋಗಿ ಕೂತ್ಕೊ, ಏನಾದರೂ ಅಡುಗೆ ಮಾಡಿಕೊಂಡು ಹೋಗು, ಖಾರ ಕಮ್ಮಿ ಇರಲಿ. ಆಮೇಲೆ ಹೊರಡುವ ಬೆಳಗ್ಗೆ ಎರಡೇ ನಿಮಿಷ ಬಾಗಿಲಲ್ಲಿ. ಅಳು ಬಂದರೆ ಬರಲಿ, ಅವರೂ ಅಳುತ್ತಾರೆ. ಇನ್ನೊಂದು, ಮನೆ ಖಾಲಿ ಮಾಡಿದ ಮೂರು ದಿನದೊಳಗೆ ಅಲ್ಲಿನ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸುವುದು ಮರೀಬೇಡ, ಹೊರಡುವುದಕ್ಕೆ ಮೂರು ದಿನ ಮುಂಚೆಯೂ ಮಾಡಿಸಬಹುದು. ಆ ಕೆಲಸವನ್ನು ಮುಂಚೆಯೇ ಮುಗಿಸಿದರೆ ಕೊನೆ ಬೆಳಗ್ಗೆ ಕೈ ಖಾಲಿ ಇರುತ್ತೆ.

ಗೌರಿಬಿದನೂರಿನಿಂದ ಒಬ್ಬ ತಂದೆ: ಹೋದ ತಿಂಗಳು ಮಗಳನ್ನು ದೇವನಹಳ್ಳಿ ಏರ್‌ಪೋರ್ಟಿಗೆ ಬಿಡೋಕೆ ಹೋದಾಗ ನಾನು ಅತ್ತುಬಿಟ್ಟೆ. ಹೊರಡುವವರ ಮುಂದೆ ಕಣ್ಣೀರು ಹಾಕಬಾರದು, ಅಪಶಕುನ ಅಂತ ಅಣ್ಣ ಬೈದ. ಅವತ್ತಿನಿಂದ ಮನಸ್ಸಿಗೆ ಚುಚ್ಚುತ್ತಿದೆ.

ನಿಮ್ಮ ಮಗಳಿಗೆ ಏನೂ ಆಗಲ್ಲ ಅಣ್ಣಾ. ಗಂಡನ ಮನೆಗೆ ಹೆಣ್ಣು ಕಳಿಸುವಾಗ ನಮ್ಮ ಊರುಗಳಲ್ಲಿ ಬೀದಿ ಬೀದಿಯೇ ಅಳುತ್ತೆ, ಅದನ್ನು ಯಾರೂ ಅಪಶಕುನ ಅನ್ನಲ್ಲ. ನಮ್ಮಪ್ಪ ನನ್ನನ್ನು ಬಿಡೋಕೆ ಬಂದಾಗ ಒಂದು ಹನಿ ಹಾಕಲಿಲ್ಲ. ಗಾಜಿನ ಆಚೆ ನಿಂತು ಬರೀ ಟಿಕೆಟ್, ಪಾಸ್‌ಪೋರ್ಟ್ ಅಂತ ಕೈಸನ್ನೆ ಮಾಡುತ್ತಿದ್ದರು. ಆ ಹೊರದೇಶದ ಕೋಣೆಯಲ್ಲಿ ಮೊದಲ ರಾತ್ರಿ ನಾನು ಕೂತು ಯೋಚಿಸಿದ್ದು, ಅಪ್ಪನಿಗೆ ಬೇಜಾರಾಗಲೇ ಇಲ್ಲವಾ ಅಂತ. ನಿಮ್ಮ ಮಗಳಿಗೆ ಆ ಅನುಮಾನ ಬರಲ್ಲ. ಇವತ್ತು ಫೋನ್ ಮಾಡಿದಾಗ ಈ ಮಾತನ್ನು ಅವಳಿಗೇ ಹೇಳಿ ನೋಡಿ.

ಬಂಗಾರಪೇಟೆಯಿಂದ ಒಬ್ಬ ಹುಡುಗಿ: ಅಕ್ಕಾ, ಮುಂದಿನ ಫೆಬ್ರವರಿಗೆ ನಾನು ಅದೇ ಊರಿಗೆ ಹೊರಡುತ್ತೇನೆ. ಹೋದ ತಕ್ಷಣ ಯುಗಾದಿ ಬರುತ್ತೆ, ಮನೆ ಬಿಟ್ಟು ಮೊದಲ ಯುಗಾದಿ. ಬೇವು ಸಿಗುತ್ತಾ? ಬಟ್ಟೆ ಏನು ತಗೊಂಡು ಹೋಗಲಿ?

ಬಟ್ಟೆ ವಿಷಯ ಬೇಗ ಮುಗಿಸುತ್ತೇನೆ. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕಿಕೊಳ್ಳುವ ಮೂರು ತೆಳ್ಳನೆ ಬಟ್ಟೆ ವಾಸಿ. ಏಪ್ರಿಲ್‌ನಲ್ಲಿ ಅಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನ ಹಿಮ, ಸಂಜೆ ಮಳೆ, ಒಂದೇ ದಿನ ಮೂರೂ ಆಗಬಹುದು. ಶೂ ಮಾತ್ರ ಅಲ್ಲೇ ತಗೊ.

ಬೇವು ಸಿಗಲ್ಲಮ್ಮ. ಅಷ್ಟು ಹಿಮಕ್ಕೆ ನಮ್ಮ ಬೇವಿನ ಮರ ಉಳಿಯಲ್ಲ. ಬೆಲ್ಲ ಏಷ್ಯಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಮೊದಲ ವರ್ಷ ನಾನು ಬರೀ ಬೆಲ್ಲ ತಿಂದು, ಕಹಿ ಇಲ್ಲದ ಯುಗಾದಿ ಎಂಥ ಯುಗಾದಿ ಅಂತ ಬೇಜಾರಾಗಿ ಕೂತಿದ್ದೆ. ಎರಡನೇ ವರ್ಷ ಕೆಳಗಿನ ಮನೆಯ ಅಜ್ಜಿಗೆ ಹೇಳಿದಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ಡ್ಯಾಂಡಿಲಿಯನ್ ಗಿಡ ತೋರಿಸಿದರು, ಹಳದಿ ಹೂ ಬಿಡುವ ಕಳೆ. ಅದರ ಎಳೆ ಎಲೆ ಒಳ್ಳೆ ಕಹಿ, ವಸಂತದಲ್ಲಿ ಅವರು ಅದನ್ನು ಸಲಾಡ್ ಮಾಡಿ ತಿನ್ನುತ್ತಾರೆ. ಆ ಎಲೆ ಸಣ್ಣಗೆ ಹೆಚ್ಚಿ ಬೆಲ್ಲದ ಜೊತೆ ಕೊಟ್ಟೆ. ಅಜ್ಜಿ ಬಾಯಿಗೆ ಹಾಕಿಕೊಂಡು, ಮುಖ ಕಿವುಚದೆ, ಎರಡನೇ ಸಲ ಕೈ ಚಾಚಿದರು.

ಕಾಡಿನಲ್ಲಿ ಅದೇ ಹೊತ್ತಿಗೆ ಬೆಳ್ಳುಳ್ಳಿ ವಾಸನೆಯ ಎಲೆ ಬರುತ್ತೆ, ಬೇರ್‌ಲೌಖ್ ಅಂತಾರೆ. ಚಟ್ನಿಗೆ ಬಲು ರುಚಿ. ಆದರೆ ನೀನೇ ಹೋಗಿ ಕೀಳಬೇಡ, ಅದರ ಹಾಗೇ ಕಾಣುವ ವಿಷದ ಎಲೆಗಳೂ ಅಲ್ಲೇ ಬೆಳೆಯುತ್ತವೆ, ಜನ ಸತ್ತೂ ಇದ್ದಾರೆ. ಮಾರ್ಕೆಟ್ಟಿನಲ್ಲಿ ಕಟ್ಟು ಸಿಗುತ್ತೆ, ತಗೊ.

ನಮ್ಮ ಮಾವಿನ ತೋರಣದ ಹಾಗೆ ಅವರಿಗೂ ಒಂದಿದೆ. ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ ವಿಲ್ಲೋ ಗಿಡದ ರೆಂಬೆಗಳನ್ನು ಕಟ್ಟಿ ಚರ್ಚಿಗೆ ಒಯ್ದು, ಪೂಜೆ ಆದಮೇಲೆ ಮನೆಗೆ ತಂದು ಇಟ್ಟುಕೊಳ್ಳುತ್ತಾರೆ. ಅದರ ಮೊಗ್ಗು ಮುಟ್ಟಿದರೆ ಬೆಕ್ಕಿನ ಮರಿ ಮೈ ಸವರಿದ ಹಾಗೆ. ಇನ್ಸ್‌ಬ್ರುಕ್ ಇರುವ ಕಣಿವೆಯ ಕೆಲವು ಹಳ್ಳಿಗಳಲ್ಲಿ ಹುಡುಗರು ದನದ ಗಂಟೆ ಕಟ್ಟಿಕೊಂಡು ಹುಲ್ಲುಗಾವಲಿನಲ್ಲಿ ಓಡುತ್ತಾರೆ, ಯಾಕೆ ಗೊತ್ತಾ, ಮಲಗಿರುವ ಹುಲ್ಲನ್ನು ಎಬ್ಬಿಸೋಕೆ. ಯಾರಾದರೂ ಕರೆದರೆ ಹೋಗು, ಕೋಣೆಯಲ್ಲಿ ಕೂತು ಊರು ನೆನೆಸಿಕೊಂಡು ಅಳಬೇಡ. ಹೋಗುವಾಗ ಒಣಗಿಸಿದ ಬೇವಿನ ಹೂ ಅಂತ ಪೊಟ್ಟಣ ಕಟ್ಟಿಕೊಂಡು ಹೋಗೋ ಯೋಚನೆ ಇದ್ದರೆ ಬಿಟ್ಟುಬಿಡು, ಗಿಡದ ಸಾಮಾನಿಗೆ ಅಲ್ಲಿ ಕಟ್ಟುನಿಟ್ಟು ಜಾಸ್ತಿ.

ತುಮಕೂರಿನಿಂದ ಒಬ್ಬರು: ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಐದು ವರ್ಷ ಇದ್ದು ಬಂದೆ. ವಾಪಸ್ ಬಂದು ಎರಡು ವರ್ಷ ಆದರೂ ಈ ತಿಂಗಳು ಬಂದರೆ ಅಲ್ಲಿನ ಹಿಮ ಕರಗುವ ಸದ್ದು ಕಿವಿಯಲ್ಲಿ ಕೇಳುತ್ತೆ. ಇಲ್ಲಿ ವಸಂತವೇ ಇಲ್ಲ, ಬರೀ ಬಿಸಿಲು ಅನಿಸುತ್ತೆ. ಹುಟ್ಟೂರಿನ ಬಗ್ಗೆ ಹೀಗೆ ಅನಿಸುವುದು ತಪ್ಪಾ?

ತಪ್ಪೇನಿಲ್ಲ. ಐದು ವರ್ಷ ಉಂಡ ಊರು, ನೆನಪಾಗದಿದ್ದರೆ ಅದು ತಪ್ಪು.

ಆದರೆ ಇಲ್ಲಿ ವಸಂತ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ಬೆಟ್ಟದೂರಿನಿಂದ ಬಯಲಿಗೆ ಬಂದು ಬಿದ್ದೆ ಅಂತ. ಆಮೇಲೆ ಒಂದು ದಿನ ಎತ್ತರ ನೋಡಿದೆ. ಇನ್ಸ್‌ಬ್ರುಕ್ ಇರುವುದು ಸಮುದ್ರ ಮಟ್ಟದಿಂದ 574 ಮೀಟರ್ ಎತ್ತರದಲ್ಲಿ. ನಮ್ಮ ಚಿಕ್ಕಬಳ್ಳಾಪುರ ಸುಮಾರು 900, ನಿಮ್ಮ ತುಮಕೂರು 800ರ ಮೇಲೆ. ನಾನು ಬೆಟ್ಟ ಇಳಿದು ಬಂದಿರಲಿಲ್ಲ, ಹತ್ತಿ ಬಂದಿದ್ದೆ. ನಿಮ್ಮ ದಾವೋಸ್ ಬೇರೆ ಬಿಡಿ, ಅದು ಸುಮಾರು 1,560 ಮೀಟರ್, ನಂದಿಬೆಟ್ಟದ ತುದಿಗಿಂತಲೂ ಮೇಲೆ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಇರುತ್ತೆ, ವಸಂತ ಬರೋದು ಲೇಟು, ಅದಕ್ಕೇ ಅಷ್ಟು ದೊಡ್ಡದಾಗಿ ಕಾಣುತ್ತೆ.

ನಮ್ಮಲ್ಲಿ ಅದು ಹಾಗೆ ಸದ್ದು ಮಾಡಲ್ಲ. ಅಲ್ಲಿ ನೆಲ ಒದ್ದೆಯಾಗಿ, ಬೆಳಕು ಹೆಚ್ಚಾಗಿ, ಆಮೇಲೆ ಚಿಗುರು. ಇಲ್ಲಿ ಮಳೆ ಬಂದು ತಿಂಗಳುಗಳೇ ಆಗಿರುತ್ತೆ, ಕೆರೆ ಬತ್ತಿ ಬಿರುಕು ಬಿಟ್ಟಿರುತ್ತೆ, ಆ ಒಣ ನೆಲದಲ್ಲಿ ನಿಂತ ಹೊಂಗೆ ಹಳೇ ಎಲೆಯನ್ನೆಲ್ಲ ಉದುರಿಸಿ, ಆಳದಿಂದ ನೀರು ಎಳೆದುಕೊಂಡು ಚಿಗುರುತ್ತೆ. ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ. ಒಂದು ಹನಿ ಮಳೆ ಇಲ್ಲದೆ! ಇದನ್ನು ನೋಡಿಯೂ ವಸಂತ ಇಲ್ಲ ಅಂದರೆ ಹೇಗೆ?

ಒಂದು ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ದೇವರಾಯನದುರ್ಗದ ದಾರಿ ಹಿಡಿಯಿರಿ. ಮುತ್ತುಗದ ಹೂ ಮುಗಿದಿರಬಹುದು, ಅದು ಫೆಬ್ರವರಿ, ಮಾರ್ಚ್‌ನದು. ಹೊಂಗೆ ಸಿಗುತ್ತೆ. ಗಾಡಿ ನಿಲ್ಲಿಸಿ, ಮರದ ಕೆಳಗೆ ನಿಲ್ಲಿ. ಕಡಲೆಪುರಿ ಚೆಲ್ಲಿದ ಹಾಗೆ ಹೂ ಬಿದ್ದಿರುತ್ತೆ, ಮೇಲೆ ಜೇನು ಗುಂಯ್ ಅಂತಿರುತ್ತೆ. ಆ ಸದ್ದು ಕೇಳಿ. ಹಿಮ ಕರಗುವ ಸದ್ದನ್ನು ಮರೆಯೋಕೆ ಹೇಳುತ್ತಿಲ್ಲ, ಅದರ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ ಅಂತ ಅಷ್ಟೇ.

ಆಮೇಲೆ ದಾವೋಸ್‌ನಲ್ಲಿ ನಿಮಗೆ ಬಾಗಿಲಲ್ಲಿ ನಿಂತು ಕೈ ಬೀಸಿದವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿ, ನಮ್ಮೂರಿನಲ್ಲಿ ಹೊಂಗೆ ಹೂ ಬಿಟ್ಟಿದೆ ಅಂತ ಹೇಳಿ. ಹೊಂಗೆ ಅಂದರೆ ಏನು ಅಂತ ಅವರು ಕೇಳುತ್ತಾರೆ. ಮಧ್ಯಾಹ್ನ ಅದರ ನೆರಳಲ್ಲಿ ಹೇಗೆ ನಿದ್ದೆ ಬರುತ್ತೆ ಅನ್ನೋದರಿಂದ ಶುರು ಮಾಡಿ. ನಿಮಗೆ ಮಧ್ಯಾಹ್ನ ಒಂದು ಗಂಟೆ ಅಂದರೆ ಅವರಿಗೆ ಬೆಳಗ್ಗೆ ಒಂಬತ್ತೂವರೆ.